ಕಂಪಾಸ್ ಬಾಕ್ಸಿನಲ್ಲಿ ನಾಲ್ಕು ಮಾತ್ರೆ

"ಹಾಗಾದ್ರೆ ಹೊಸ ಬಿಳಿ ಮಾತ್ರೆ ಕೆಲಸ ಮಾಡ್ತಿಲ್ಲ," ಎಂದು ಡಾಕ್ಟರ್ ಪೆನ್ನು ಎತ್ತಿಕೊಂಡರು. "ಇದನ್ನ ನಿಲ್ಲಿಸಿ ಬೇರೆ ಶುರು ಮಾಡೋಣ."

ಅಮ್ಮನ ಪಕ್ಕ ಕೂತಿದ್ದ ಮನಸ್ವಿನಿ ಸ್ಕೂಲ್ ಬ್ಯಾಗನ್ನು ಅವಚಿಕೊಂಡಳು.

ಅವಳಿಗೆ ಫಿಟ್ಸ್ ಬರುತ್ತಿತ್ತು. ಆಡುತ್ತಾ ಆಡುತ್ತಾ ದಡಕ್ಕನೆ ಬಿದ್ದುಬಿಡುತ್ತಿದ್ದಳು. ಹಳದಿ ಮಾತ್ರೆ ಒಂದರಿಂದಲೇ ಅದು ನಿಲ್ಲಲಿಲ್ಲ. ಜೊತೆಗೆ ಇನ್ನೊಂದು ಕೊಟ್ಟರು. ಆಗ ಕ್ಲಾಸಿನಲ್ಲಿ ಕೂತಲ್ಲೇ ನಿದ್ದೆ! ಎಲ್ಲರೂ ಅವಳನ್ನು 'ಕುಂಭಕರ್ಣಿ' ಅಂತ ಕರೆದರು. ಅದನ್ನು ಬಿಡಿಸಿ ಹಳದಿಯ ಜೊತೆ ಈ ಪುಟ್ಟ ಬಿಳಿ ಮಾತ್ರೆ ಕೊಟ್ಟ ಮೇಲೆ ನಿದ್ದೆಯೂ ಇಲ್ಲ, ಫಿಟ್ಸೂ ಇಲ್ಲ. ಪೂರಾ ಐದು ವಾರ! ಮಂಜಲ್‌ಪುರದ ತಮ್ಮ ವಸತಿ ಸೊಸೈಟಿಯಲ್ಲಿ ಗೆಳತಿ ನೇಹಾ ಜೊತೆ ಸ್ಕೇಟಿಂಗ್ ಕೂಡ ಶುರುವಾಗಿತ್ತು.

ಮೊನ್ನೆ ಗುರುವಾರ ಮಾತ್ರ ಹೋಂವರ್ಕ್ ಮಾಡುತ್ತಿದ್ದವಳು ಮತ್ತೆ ಬಿದ್ದಳು.

"ಮಾತ್ರೆ ತಪ್ಪಿಲ್ಲ ತಾನೇ?" ಡಾಕ್ಟರ್ ಕೇಳಿದರು.

"ತಪ್ಪೋದುಂಟಾ? ದಿನಾ ಊಟ ಆದ್ಮೇಲೆ ನಾನೇ ಕೈಯಾರೆ ಎರಡೂ ಕೊಡ್ತೀನಿ," ಎಂದಳು ಅಮ್ಮ.

ಪೆನ್ನು ಕಾಗದದ ಮೇಲೆ ಇಳಿಯಿತು. ಮತ್ತೆ ಹೊಸ ಮಾತ್ರೆ. ಮತ್ತೆ ಕುಂಭಕರ್ಣಿ.

"ಆಂಟೀ, ಬರೀಬೇಡಿ!"

ಮನಸ್ವಿನಿ ಸ್ಕೂಲ್ ಬ್ಯಾಗಿನಿಂದ ಕಂಪಾಸ್ ಬಾಕ್ಸ್ ತೆಗೆದು ಮೇಜಿನ ಮೇಲೆ ತೆರೆದಿಟ್ಟಳು. ಸ್ಕೇಲಿಗೆ ಅಂಟಿಕೊಂಡು ನಾಲ್ಕು ಹಳದಿ ಮಾತ್ರೆಗಳಿದ್ದವು, ಅರ್ಧಂಬರ್ಧ ಕರಗಿದವು.

"ಮನೂ! ಏನೇ ಇದು?" ಅಮ್ಮನ ಮುಖ ಸಪ್ಪಗಾಯಿತು.

"ಬಿಳೀದು ಬಂದ್ಮೇಲೇ ಫಿಟ್ಸ್ ನಿಂತಿದ್ದು. ಅಂದ್ರೆ ಹಳದಿ ವೇಸ್ಟ್ ಅಲ್ವಾ? ಕಹಿ ಬೇರೆ. ಅದಕ್ಕೇ ಬೀಳೋಕೆ ಮುಂಚೆ ನಾಲ್ಕು ದಿನ ನಾಲಿಗೆ ಕೆಳಗೆ ಇಟ್ಕೊಂಡು, ಆಮೇಲೆ..."

ಡಾಕ್ಟರ್ ಪೆನ್ನಿನ ಕ್ಯಾಪ್ ಹಾಕಿದರು. ಬೈಯಲಿಲ್ಲ.

"ನಿಮ್ಮ ಸೊಸೈಟಿಗೆ ಗೇಟ್ ಎಷ್ಟು, ಬೇಟಾ?"

"ಎರಡು."

"ಮುಂದಿನ ಗೇಟಿಗೆ ಹೊಸ ವಾಚ್‌ಮನ್ ಬಂದ ಅಂತ ಹಿಂದಿನ ಗೇಟಿನವನನ್ನ ಮನೆಗೆ ಕಳಿಸಿದ್ರೆ?"

"ಹಸು ನುಗ್ಗತ್ತೆ! ಹೋದ ವಾರ ನುಗ್ಗಿ, ನೇಹಾ ಅಜ್ಜಿ ಒಣಹಾಕಿದ್ದ ಹಪ್ಪಳ ಎಲ್ಲ ತಿಂದ್ಬಿಡ್ತು."

ಡಾಕ್ಟರ್ ಜೋರಾಗಿ ನಕ್ಕರು. "ಈ ಎರಡು ಮಾತ್ರೆನೂ ಹಾಗೇ. ಒಂದೊಂದು ಒಂದೊಂದು ಗೇಟ್ ಕಾಯತ್ತೆ. ನನ್ನನ್ನ ಕೇಳದೆ ಯಾವುದನ್ನೂ ಮನೆಗೆ ಕಳಿಸೋ ಹಾಗಿಲ್ಲ. ಎರಡೂ ಹಾಗೇ ಮುಂದುವರೀಲಿ, ಹೊಸದು ಬೇಡ."

ರಿಕ್ಷಾದಲ್ಲಿ ಅಮ್ಮ ಕಂಪಾಸ್ ಬಾಕ್ಸನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡಳು. ಇನ್ನು ದಿನಾ ಟಾರ್ಚ್ ಹಾಕಿ ಬಾಯಿ ನೋಡ್ತಾಳೆ ಅಂದುಕೊಂಡಳು ಮನಸ್ವಿನಿ.

ಆ ರಾತ್ರಿ ಊಟವಾದ ಮೇಲೆ ಅಮ್ಮ ಎರಡೂ ಮಾತ್ರೆಗಳನ್ನು ಅವಳ ಅಂಗೈಗೆ ಹಾಕಿ ಸಿಂಕಿನ ಕಡೆ ತಿರುಗಿದಳು. ಮನಸ್ವಿನಿ ಗಟಗಟನೆ ನೀರು ಕುಡಿದಳು.

"ಅಮ್ಮಾ, ನೋಡು. ಆಆಆ..."

"ನೋಡಲ್ಲ," ಅಮ್ಮ ಪಾತ್ರೆ ಉಜ್ಜುತ್ತಲೇ ಹೇಳಿದಳು. "ನೀನು ಹೇಳಿದ್ರೆ ಸಾಕು."

ಮನಸ್ವಿನಿ ಬಾಯಿ ಮುಚ್ಚಿಕೊಂಡಳು. ನಾಲಿಗೆಯ ಮೇಲೆ ಕಹಿ ಇನ್ನೂ ಇತ್ತು. ಅಮ್ಮನ ಪಕ್ಕಕ್ಕೆ ಹೋಗಿ, ಅವಳ ಸೆರಗು ಹಿಡಿದು, ಮೆಲ್ಲಗೆ ಅಂದಳು:

"ನುಂಗಿದೆ."