ಪಾತಣ್ಣನ ಭುಜದ ಮೇಲಿದ್ದ ಕೈ

೧೯೯೭ರಲ್ಲಿ ನಾನು ಮೊಳಕಾಲ್ಮುರಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ನಡೆದದ್ದನ್ನು ನಡೆದಂತೆಯೇ ಹೇಳುತ್ತೇನೆ. ಮನುಷ್ಯನ ಆಕಾರವನ್ನು ಕಣ್ಣಾರೆ ನೋಡಿಯೇ ಬರೆಯಬೇಕೆಂದು ನಮ್ಮ ಜವಾನ ಪಾತಣ್ಣನನ್ನು ತರಗತಿಯ ನಡುವೆ ಸ್ಟೂಲಿನ ಮೇಲೆ ಕೂರಿಸಿ, ಮಕ್ಕಳನ್ನು ಸುತ್ತಲೂ ಕೂರಿಸಿದೆ. ಮಧ್ಯಾಹ್ನದ ಬಿಸಿಲಿಗೆ ಹೆಂಚು ಕಾದಿತ್ತು. ಆದರೂ ಪಾತಣ್ಣ ಸಣ್ಣಗೆ ನಡುಗುತ್ತಿದ್ದ.

“ಬಲಗಡೆ ಭುಜ ಯಾಕೋ ಭಾರ ಆಗೈತೆ ಸಾ.”

“ಅಲ್ಲಾಡಬೇಡ ಮಾರಾಯ, ಚಿತ್ರ ಕೆಡುತ್ತೆ.”

ಗಂಟೆ ಹೊಡೆದಾಗ ಹಾಳೆಗಳನ್ನು ಇಸಿದುಕೊಂಡು ನೋಡಿದೆ. ಎಲ್ಲದರಲ್ಲೂ ಒಬ್ಬ ಮುದುಕಿ ಪಾತಣ್ಣನ ಹಿಂದೆ ನಿಂತು ಅವನ ಬಲಭುಜದ ಮೇಲೆ ಕೈಯಿಟ್ಟಿದ್ದಳು. ಮುಂದೆ ಕೂತವರು ಅವಳ ಮೂಗುತಿ ಬರೆದಿದ್ದರು, ಹಿಂದೆ ಕೂತವರು ತುರುಬು ಬರೆದಿದ್ದರು.

“ಯಾರ್ರೋ ಇದು?”

“ಅಲ್ಲೇ ನಿಂತಿತ್ತಲ್ಲ ಸಾ, ಅಜ್ಜಿ,” ಎಂದ ಈರೇಶ.

ಪಾತಣ್ಣ ಬಗ್ಗಿ ನೋಡಿದವನೇ ಕಣ್ಣು ಮುಚ್ಚಿಕೊಂಡ. “ನಮ್ಮತ್ತೆ ಕೆಂಚಕ್ಕನ ಮೂಗುತಿ ಸಾ ಅದು. ತೀರ್ಕಂಡು ಆರು ವರ್ಷ ಆತು. ಮಕ ನೋಡಿ ಹೇಳ್ರಿ, ಸಿಟ್ಟಾಗಿ ಐತಾ?”

“ಇಲ್ಲಪ್ಪ, ನಗ್ತಿದ್ದಾರೆ.”

“ಹಂಗಾರೆ ಕೆಟ್ಟೆ ಸಾ! ಬದುಕಿದ್ದಾಗ ನನ್ನ ನೋಡಿ ಒಂದಿನಾನೂ ನಕ್ಕೋಳಲ್ಲ,” ಎಂದು ಬರಿಗಾಲಲ್ಲೇ ಓಡಿದ. ಮಕ್ಕಳೂ ನಗುತ್ತಾ ಹೊರಟರು.

ಜ್ಯೋತಿಲಕ್ಷ್ಮಿ ಎಂಬ ಹುಡುಗಿ ಮಾತ್ರ ಇನ್ನೂ ಬರೆಯುತ್ತಿದ್ದಳು. ಅವಳ ಕೈ ಯಾವಾಗಲೂ ನಿಧಾನ. ಕೊನೆಗೆ ಹಾಳೆ ತಂದುಕೊಟ್ಟಳು. ಅದರಲ್ಲಿ ಪಾತಣ್ಣನೇ ಇರಲಿಲ್ಲ. ಸ್ಟೂಲಿನ ಮೇಲೆ ಮುದುಕಿ ಕೂತಿದ್ದಳು.

“ಪಾತಣ್ಣ ಎದ್ದು ಹೋದ್ಮೇಲೆ ಅಜ್ಜಿ ಕೂತ್ಕಂಡ್ರು ಸಾ,” ಎಂದಳು. “ನಿಂತು ನಿಂತು ಕಾಲು ನೋಯ್ತಿದ್ವಂತೆ.”