ತೂಕ ಮರೆಯದ ಗಿಟಾರು

ಹಾಡಿನ ನಡುವೆ ಶೈಲಜಾ ಎರಡೂ ಕೈ ಬಿಟ್ಟು ಚಪ್ಪಾಳೆ ತಟ್ಟಿದಳು. ಹೆಗಲಿಗೆ ನೇತುಹಾಕಿದ್ದ ಬೇಸ್ ಗಿಟಾರು ಕದಲಲಿಲ್ಲ. ಹುಬ್ಬಳ್ಳಿಯ ಮದುವೆ ಮಂಟಪದ ತುಂಬ "ಓ" ಎಂಬ ಉದ್ಗಾರ.

ದಪ್ಪ ತಂತಿಗಳ ಬೇಸ್ ಗಿಟಾರಿಗೆ ಕತ್ತು ಉದ್ದ. ಒಡಲನ್ನು ತೆಳ್ಳಗೆ ಮಾಡಿದರೆ ಹೆಗಲಿಗೇನೋ ಹಗುರ, ಆದರೆ ಕತ್ತು ನೆಲದ ಕಡೆ ಜಗ್ಗುತ್ತದೆ. ನುಡಿಸಬೇಕಾದ ಎಡಗೈ ಅದನ್ನು ಎತ್ತಿ ಹಿಡಿಯುವುದರಲ್ಲೇ ಸೋತುಹೋಗುತ್ತದೆ. ಈ ತಂಟೆಯನ್ನು ಬಗೆಹರಿಸಿದವರು ಧಾರವಾಡದ ವಿಜ್ಞಾನಿ ಫಕ್ಕೀರೇಶ ಹಂಚಿನಾಳರು. ಬೆರಳು ದಪ್ಪದ ಒಡಲೊಳಗೆ ಕೂದಲೆಳೆಯಂಥ ನಾಳಗಳು, ಅವುಗಳಲ್ಲಿ ದ್ರವಲೋಹ. ನುಡಿಸುವವರ ನಿಲುವಿಗೆ ತಕ್ಕಂತೆ ಲೋಹ ಅತ್ತಿತ್ತ ಹರಿದು ಸಮತೂಕ ಕಾಯುತ್ತಿತ್ತು. ಕೆಲವು ವಾರಗಳ ನಂತರ ಆ ನಿಲುವಿಗೇ ಗಟ್ಟಿಯಾಗಿ ಕೂರುತ್ತಿತ್ತು. ಒಮ್ಮೆ ಕಲಿತರೆ ಮರೆಯುವುದಿಲ್ಲ ಎಂದು ಪುಣ್ಯಾತ್ಮರು ಹೋದಲ್ಲೆಲ್ಲ ಕೊಚ್ಚಿಕೊಂಡಿದ್ದರು.

ಮೊದಲ ಗಿಟಾರು ಸಿಕ್ಕಿದ್ದು ಶೈಲಜಾಳಿಗೆ. ಆಗ ಆಕೆ ತುಂಬಿದ ಬಸುರಿ. ಹಳೆಯ ದಪ್ಪ ಗಿಟಾರು ಹೊಟ್ಟೆಯ ಮೇಲೆ ಕೂರದೆ ಆರ್ಕೆಸ್ಟ್ರಾ ಬಿಡುವ ಹಂತಕ್ಕೆ ಬಂದಿದ್ದಳು. ಬಸುರಿಗೆ ಮಾಡುವ ಕುಬಸದ ದಿನ ಹಸಿರು ಸೀರೆಯುಟ್ಟು, ಹಸಿರು ಬಳೆ ತೊಟ್ಟು, ಹೊಸ ಗಿಟಾರು ನುಡಿಸಿ ಬಂದವರನ್ನೆಲ್ಲ ಕುಣಿಸಿದ್ದಳು.

ಇವತ್ತು ವೇದಿಕೆಯಿಂದ ಇಳಿದವಳ ಗಲ್ಲ ಸವರಿ ಅಜ್ಜಿಯೊಬ್ಬಳು ಕೇಳಿದಳು. "ಎಷ್ಟನೇ ತಿಂಗಳವ್ವಾ? ಹಿಂದಕ್ಕ ಬಾಗಿ ನಿಂತಿದ್ದಿ, ನೋಡಿದೆ."

ಮೂರು ವರ್ಷದಿಂದ ಇದೇ ಪ್ರಶ್ನೆ. ಶೈಲಜಾ ನೇರ ಹಿಂದಿನ ಕೋಣೆಗೆ ಹೋದಳು. ಮದುವೆಗೆ ಬಂದಿದ್ದ ಹಂಚಿನಾಳರು ನಗುತ್ತ ಅಲ್ಲಿಗೇ ಬಂದರು.

"ಕೂಸು ಹೆಂಗೈತಿ ತಂಗಿ? ಈಗ ಮನಿ ತುಂಬ ಓಡ್ಯಾಡತಿರಬೇಕಲ್ಲ?"

"ಉಳೀಲಿಲ್ರಿ ಸರ. ಹುಟ್ಟಿದ ದಿನಾನ ಹೋತು."

ಅವರ ನಗು ಇಂಗಿತು. ಶೈಲಜಾ ಗಿಟಾರು ತೋರಿಸಿದಳು.

"ನಾ ನೆಟ್ಟಗ ನಿಂತ್ರ ಇದು ಕತ್ತು ಕೆಳಗ ಹಾಕತೈತ್ರಿ. ಹಿಂದಕ್ಕ ಬಾಗಿದ್ರಷ್ಟ ಸುಮ್ಮನಿರತೈತಿ. ಈಗ ಒಲಿ ಮುಂದ ನಿಂತರೂ ಹಂಗ ನಿಲ್ತೇನಿ. ಇದರ ಪಾಲಿಗೆ ನಾ ಇನ್ನೂ ಬಸರಿ."

ಹಂಚಿನಾಳರು ಕುರ್ಚಿಯಲ್ಲಿ ಕುಸಿದರು. ಬಸುರಿಗೆಂದೇ ಮಾಡಿಕೊಟ್ಟವರಿಗೆ ಬಸುರು ಇಳಿಯುತ್ತದೆ ಎಂಬುದೇ ಹೊಳೆದಿರಲಿಲ್ಲ!

"ಹಳೇದನ್ನ ನುಡಸಬೇಕಿತ್ತಲ್ಲ ತಂಗಿ?"

"ತಗೊಂಡು ನೋಡಿದೆ. ಎಡಗೈ ಭಾರ ಹಿಡಿಯೋದನ್ನ ಮರತೈತ್ರಿ. ಅದನ್ನ ನುಡಸಾಕ ಬರೂದಿಲ್ಲ, ಇದು ಬಿಡೂದಿಲ್ಲ. ಬೋನಿನ್ಯಾಗ ಸಿಕ್ಕೊಂಡಂಗ ಆಗೈತಿ."

"ಕಾಯಿಸಿದ್ರ ಲೋಹ ಕರಗತೈತಿ. ಕಲತಿದ್ದೆಲ್ಲ ಅಳಿಸಿ ಹೋಗತೈತಿ. ನಾಳೇನ ಮಾಡಿಕೊಡ್ತೇನಿ."

ಶೈಲಜಾ ಗಿಟಾರನ್ನು ಹೊಟ್ಟೆಗೆ ಅವುಚಿಕೊಂಡಳು. ಬಿಡುಗಡೆ ಇಷ್ಟು ಸುಲಭವೆಂದು ತಿಳಿದದ್ದೇ ಭಯ ಹತ್ತಿತು. "ನನ್ನ ಕೂಸಿನ ತೂಕ ಗೊತ್ತಿರೂದು ಇದಕ್ಕೊಂದಕ್ಕ ಸರ" ಎಂದಳು.

ಆದರೂ ತಿಂಗಳು ಕೇಳಿಸಿಕೊಂಡು ಸಾಕಾಗಿ, ಮರುದಿನ ಧಾರವಾಡದ ಪ್ರಯೋಗಾಲಯಕ್ಕೆ ಹೋದಳು. ಬಿಸಿ ಪೆಟ್ಟಿಗೆಯಲ್ಲಿ ಗಿಟಾರನ್ನು ತಾನೇ ಮಲಗಿಸಿದಳು. ಆರಿದ ಮೇಲೆ ಹೆಗಲಿಗೇರಿಸಿದಾಗ, ಹೊಸ ನಿಲುವನ್ನು ಇನ್ನೂ ಕಲಿಯದ ಅದರ ಕತ್ತು ಜರ್ರನೆ ನೆಲದ ಕಡೆ ಜಾರಿತು. ಶೈಲಜಾಳ ಎಡಗೈ ತಾನಾಗಿ ಹೋಗಿ ಅದನ್ನು ಹಿಡಿಯಿತು. ಹಿಡಿದದ್ದನ್ನು ಬಿಡಲಿಲ್ಲ. ನೆಟ್ಟಗೆ ನಿಂತು ಅವಳು ಗಟ್ಟಿಯಾಗಿ ಅತ್ತಳು. ಹಂಚಿನಾಳರು ತಲೆ ತಗ್ಗಿಸಿ ನಿಂತರು.

ಮುಂದೆ ಅವರು ಮಾಡಿದ ಪ್ರತಿ ಗಿಟಾರಿನಲ್ಲೂ, ಕಲಿತದ್ದನ್ನು ಮರೆಸುವ ಗುಂಡಿಯೊಂದಿತ್ತು. ಇಂದು ನಮ್ಮ ಮಣಿಕಟ್ಟಿಗೆ ಅಂಟಿ ನಮ್ಮ ನಡಿಗೆ, ನಿದ್ದೆ, ಎದೆಬಡಿತಗಳನ್ನು ಕಲಿಯುತ್ತಿರುವ ಪುಟ್ಟ ಯಂತ್ರಗಳಲ್ಲಿ ಅಂಥ ಗುಂಡಿ ಎಲ್ಲಿದೆಯೆಂದು ನಮ್ಮಲ್ಲಿ ಎಷ್ಟು ಜನ ಹುಡುಕಿದ್ದೇವೆ?

ಎಡಗೈಗೆ ಭಾರ ಹಿಡಿಯುವುದು ಮತ್ತೆ ರೂಢಿಯಾಗಿ, ಶೈಲಜಾ ಹಳೆಯ ದಪ್ಪ ಗಿಟಾರಿಗೇ ಮರಳಿದಳು. ಮುಂದಿನ ಮದುವೆಯಲ್ಲಿ ನೆಟ್ಟಗೆ ನಿಂತು ನುಡಿಸಿದಳು. ಕೆಳಗಿಳಿದಾಗ ಯಾರೂ ತಿಂಗಳು ಕೇಳಲಿಲ್ಲ. ಯಾರಾದರೂ ಕೇಳಬಾರದೇ ಎಂದು ಅವಳು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು.