ಉಂಗುರ ತೊಟ್ಟ ಗೊರವ

ಸತ್ತ ಗೊರವ ಹಕ್ಕಿ ಬೆಳಗಿನ ಕಡಲಿಳಿತದಲ್ಲಿ ಸಿಕ್ಕಿತು—ಮೀನುಗಾರ ಅಕ್ಕ-ತಮ್ಮರಲ್ಲಿ ತಮ್ಮನು ಕೆಸರಿನ ಅಂಚಿಗೆ ಕಟ್ಟಿದ್ದ ಬಲೆಯಲ್ಲಿ. ಕಾಲಲ್ಲಿ ಉಂಗುರ, ಉಂಗುರದ ಮೇಲೆ ಪಕ್ಷಿಕೇಂದ್ರದ ಸಂಖ್ಯೆ. ಅಷ್ಟು ಸಾಕಾಯಿತು. ಹತ್ತು ಗಂಟೆಗೆ ಅವನು ಕೇಂದ್ರದ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಕೇಂದ್ರದ ಮೇಡಂ ದೂರು ಬರೆಯುತ್ತಿದ್ದರು. ಸಹಿ ಬಿದ್ದರೆ ಅವನ ದೋಣಿಯ ಪರವಾನಗಿಗೆ ಎಳ್ಳುನೀರು.

ಅಕ್ಕ ದೋಣಿ ಎಂಜಿನ್ ಬಿಚ್ಚುತ್ತಿದ್ದ ಕೈಯಲ್ಲೇ ನುಗ್ಗಿದಳು. ಗ್ರೀಸ್ ಒರೆಸಿಕೊಳ್ಳಲೂ ಇಲ್ಲ.

“ಸಹಿ ಹಾಕ್ಬೇಡಿ ಮೇಡಂ. ಮೊದ್ಲು ಹಕ್ಕಿ ತೋರಿಸಿ.”

“ಸಂಖ್ಯೆ ನಾನೇ ಓದಿದೀನಮ್ಮ. ಮೂರು ಚಳಿಗಾಲದಿಂದ ಬರ್ತಿದ್ದ ನಮ್ಮ ಬಂಗಾರ ಗೊರವ.”

ಬಾಗಿಲಲ್ಲಿದ್ದ ಕಾವಲುಗಾರ ನಕ್ಕ. “ತಮ್ಮ ಅಂದ್ರೆ ಕಣ್ಣಿಗೆ ಪೊರೆ ಬರತ್ತೆ, ಮೇಡಂ.”

“ನನ್ನ ಕಣ್ಣು ನೆಟ್ಟಗಿದೆ ಅಣ್ಣಾ. ನಿನ್ನ ನಾಲಿಗೆ ನೋಡ್ಕೋ.”

ಅವಳು ಮೇಜಿನ ಮೇಲಿದ್ದ ಹಕ್ಕಿಯ ರೆಕ್ಕೆ ಬಿಡಿಸಿದಳು. ಕಂಕುಳಲ್ಲಿ ಮಸಿ ಬಳಿದಂಥ ಕಪ್ಪು. ಪಾದ ತಿರುಗಿಸಿದಳು. ಹಿಂದೆ, ಅಕ್ಕಿನುಚ್ಚಿನಷ್ಟು ಪುಟ್ಟ ಬೆರಳು!

“ನೀವು ಉಂಗುರ ಹಾಕಿದ ದಿನ ಹಕ್ಕಿನ ಕೈಯಲ್ಲಿ ಹಿಡ್ಕೊಂಡಿದ್ದು ನಾನು. ಅವತ್ತು ಏನು ಬರೆದ್ರಿ? ಓದಿ.”

ಮೇಡಂ ರಿಜಿಸ್ಟರ್ ತೆರೆದರು. “ಕಂಕುಳು ಬೂದು. ಹಿಂಬೆರಳು ಇಲ್ಲ…” ಅವರು ಹಕ್ಕಿಯ ಪಾದದತ್ತ ಬಗ್ಗಿದರು.

“ಇದಕ್ಕಿದೆ. ಕಂಕುಳೂ ಕಪ್ಪು. ಇದು ಬೂದು ಗೊರವ, ಜಾತಿನೇ ಬೇರೆ. ಚಳಿಗಾಲದಲ್ಲಿ ಎರಡೂ ದೂರಕ್ಕೆ ಅಣ್ಣತಮ್ಮ. ಆದ್ರೆ ಇದು ದಪ್ಪ, ಕೆಸರು ಬಿಟ್ಟು ಬರೋದಿಲ್ಲ. ಬಂಗಾರದ್ದು ಎಲ್ಲಿ ಮೇಯ್ತಿತ್ತು?”

“ವರ್ಷ ವರ್ಷ ಒಂದೇ ಜಾಗ. ಬೇಲಿಯೊಳಗಿನ ಹುಲ್ಲು.”

“ಅದನ್ನ ಹಿಡಿದವನೇ ಉಂಗುರ ಬಿಚ್ಚಿ ಇದಕ್ಕೆ ತೊಡಿಸಿದಾನೆ. ಬೇಲಿ ಬೀಗದ ಕೈ ಯಾರ ಹತ್ರ ಇದೆ?”

ಎಲ್ಲರೂ ಬಾಗಿಲಿನತ್ತ ತಿರುಗಿದರು.

“ಬೇಲಿ ನುಸುಳಿ ನಾಯಿಗಳೂ ಬರ್ತವೆ!” ಕಾವಲುಗಾರ ಕೂಗಿದ.

“ನಾಯಿ ಉಂಗುರ ಬಿಚ್ಚಿ ಇನ್ನೊಂದಕ್ಕೆ ತೊಡಿಸತ್ತಾ, ಅಣ್ಣಾ?”

ಅವನು ಗೋಡೆಗೊರಗಿದ. ಸೊಂಟದಿಂದ ಬೀಗದ ಕೈ ಬಿಚ್ಚಿದ.

“ಮೊಲಕ್ಕೆ ಅಂತ ಉರುಲು ಇಟ್ಟಿದ್ದೆ. ಬಂಗಾರದ್ದು ಬಿದ್ದು ಸತ್ತೋಯ್ತು. ಉಂಗುರದ ಹಕ್ಕಿ ಎಲ್ಲಿ, ಎಲ್ಲಿ ಅಂತ ಮೇಡಂ ದಿನಾ ಕೇಳ್ತಿದ್ರು… ಕೆಸರಲ್ಲಿ ಇದು ಸತ್ತು ಬಿದ್ದಿತ್ತು. ನನ್ನ ಕೆಲಸ ಹೋಗತ್ತಲ್ಲ ಅಂತ ಉಂಗುರ ಇದಕ್ಕೆ ಹಾಕಿ ಬಲೆಗೆ ಸಿಕ್ಕಿಸಿ—”

“ನನ್ನ ತಮ್ಮನ ಹೊಟ್ಟೆ ಮೇಲೆ ಹೊಡೆದೆ.”

ತಮ್ಮ ಮೊದಲ ಸಲ ತಲೆಯೆತ್ತಿದ. ಮೇಡಂ ದೂರಿನ ಹಾಳೆ ಹರಿದರು. ಅಕ್ಕ ಗ್ರೀಸಿನ ಬೆರಳಲ್ಲೇ ಹೊಸ ಹಾಳೆ ಮುಂದಕ್ಕೆ ಸರಿಸಿದಳು.

“ಈ ಸಲ ಹಕ್ಕಿ ನೋಡಿ ಬರೀರಿ.”